ತಲೆಯಾಡಿಸದ ಮೇಡಂ

ಕಾಲೇಜಿಗೆ ಸೇರಿದ ಹೊಸದರಲ್ಲಿ ಅರ್ಥಶಾಸ್ತ್ರದ ಕಿರಿಯ ಉಪನ್ಯಾಸಕನೊಬ್ಬ ಸಸ್ಯಶಾಸ್ತ್ರದ ಹಿರಿಯ ಮೇಡಂ ಒಬ್ಬರಿಗೆ ‘ಸರಾಸರಿ’ ಎಂದರೇನು ಎಂದು ಊಟದ ಬಿಡುವಿನ ಉದ್ದಕ್ಕೂ ಪಾಠ ಹೇಳಿದ. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಯಾರಿಗೆ ಹೇಳುತ್ತಿದ್ದೇನೆ ಎನ್ನುವುದು ಮಾತ್ರ ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ.

ಆಗಿದ್ದು ಇಷ್ಟು. ಅದು ಅವನ ಮೊದಲ ಬೋಧನಾ ಕಾರ್ಯಾಗಾರ, ಅಂದರೆ ಮೇಷ್ಟ್ರುಗಳಿಗೇ ಪಾಠ ಮಾಡುವುದನ್ನು ಕಲಿಸುವ ಕಾರ್ಯಕ್ರಮ. ಸಂಖ್ಯಾಶಾಸ್ತ್ರದವರು ಮುಂದೆ ನಿಂತು ಸರಾಸರಿಯ ಬಗ್ಗೆ ಮಾದರಿ ಪಾಠ ಮಾಡುತ್ತಿದ್ದರು. ಕೊನೆಯ ಸಾಲಿನಲ್ಲಿ ನರೆಗೂದಲಿನ ಹೆಂಗಸೊಬ್ಬರು ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ಮತ್ತೆ ಮತ್ತೆ ಕೈಯೆತ್ತಿ “ನನಗೆ ಅರ್ಥ ಆಗಲಿಲ್ಲ” ಎನ್ನುತ್ತಿದ್ದರು. ಕೋಣೆಯಲ್ಲಿ ಬೇರೆ ಯಾರಿಗೂ ಅರ್ಥವಾಗದ್ದು ಏನೂ ಇರಲಿಲ್ಲ. ನಮ್ಮ ಹುಡುಗನ ತಲೆ ಚುರುಕಾಗಿ ಓಡಿತು. ಮಕ್ಕಳು ದೊಡ್ಡವರಾದ ಮೇಲೆ ಪದವಿಗೆ ಸೇರಿದ ಯಾರೋ ತಾಯಿ ಇರಬೇಕು. ಪಾಠದ ಪ್ರಯೋಗಕ್ಕೆ ನಿಜವಾದ ವಿದ್ಯಾರ್ಥಿಯೊಬ್ಬರು ಇರಲಿ ಎಂದು ಕರೆದು ಕೂರಿಸಿದ್ದಾರೆ. ಅವನಿಗೆ ಕರುಳು ಚುರ್ರೆಂದಿತು.

ಊಟದ ಹೊತ್ತಿಗೆ ತನ್ನ ಡಬ್ಬಿ ಎತ್ತಿಕೊಂಡು ಹೋಗಿ ಅವರ ಪಕ್ಕದಲ್ಲೇ ಕೂತ. “ಹೆದರ್ಕೋಬೇಡಿ ಅಮ್ಮ. ಕಲಿಯೋದಕ್ಕೆ ವಯಸ್ಸು ಅಂತ ಇಲ್ಲ” ಎಂದು ಶುರುಮಾಡಿ, ಕಾಗದದ ತಟ್ಟೆಯ ಹಿಂಬದಿಯಲ್ಲಿ ಗೆರೆ ಎಳೆದು, ಐವರು ಮಕ್ಕಳ ಎತ್ತರ ಬರೆದು, ಕೂಡಿಸಿ, ಭಾಗಿಸಿ ತೋರಿಸಿದ. ಅವರು ಊಟ ಬಿಟ್ಟು ಕೇಳಿಸಿಕೊಂಡರು. “ಹಾಗಾದ್ರೆ ಆ ಸರಾಸರಿ ಎತ್ತರದ ಮಗು ಈ ಐದರಲ್ಲಿ ಯಾವುದು?” ಎಂದು ಕೇಳಿದರು. ಯಾವುದೂ ಅಲ್ಲ ಎಂದ. “ಮತ್ತೆ ಯಾರ ಎತ್ತರ ಅದು?” ಎಂದರು. ಅವನು ಅನ್ನ ನುಂಗಿಕೊಂಡು ಯೋಚಿಸುತ್ತಿರುವಾಗ ಪ್ರಾಂಶುಪಾಲರು ಕೈ ಒರೆಸಿಕೊಳ್ಳುತ್ತಾ ಬಂದರು.

“ಏನು ಮೇಡಂ, ಹೊಸಬರ ಪರಿಚಯ ಆಯ್ತಾ? ನೋಡಪ್ಪ, ನಮ್ಮ ಕಾಲೇಜಲ್ಲಿ ಎಲ್ಲರಿಗಿಂತ ಹಿರಿಯರು ಇವರು. ನಾನು ಕೆಲಸಕ್ಕೆ ಸೇರಿದ ದಿನ ಸ್ಟಾಫ್ ರೂಮು ಎಲ್ಲಿದೆ ಅಂತ ತೋರಿಸಿದ್ದೇ ಇವರು.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಹುಡುಗನಿಗೆ. ಮೇಡಂ ಮಾತ್ರ ತಟ್ಟೆಯನ್ನು ತಿರುಗಿಸಿ ಮತ್ತೊಮ್ಮೆ ಅವನ ಲೆಕ್ಕ ನೋಡುತ್ತಾ, “ಹುಡುಗ ಒಳ್ಳೆಯವನು ಸರ್. ಅಮ್ಮ ಅಂದ” ಎಂದರು. ಈ ಸುದ್ದಿ ಸಂಜೆಯ ಚಹಾ ಆರುವ ಮೊದಲೇ ಎಲ್ಲಾ ವಿಭಾಗಗಳಿಗೂ ತಲುಪಿತು. ಭೌತಶಾಸ್ತ್ರದ ಮೀಸೆ ಮೇಷ್ಟ್ರಂತೂ ಕಾರಿಡಾರಿನಲ್ಲಿ ಎದುರಾದಾಗಲೆಲ್ಲ, “ನನಗೂ ಸ್ವಲ್ಪ ಭಾಗಾಕಾರ ಹೇಳಿಕೊಡಪ್ಪ, ಪುಣ್ಯ ಬರುತ್ತೆ” ಎಂದು ಕೈ ಮುಗಿಯುತ್ತಿದ್ದರು.

ಅವನ ಹುದ್ದೆಯ ಹೆಸರು ಅತಿಥಿ ಉಪನ್ಯಾಸಕ. ಅತಿಥಿಗೆ ಸಿಗಬೇಕಾದ ಉಪಚಾರದಲ್ಲಿ ಅವನ ಪಾಲಿಗೆ ಬಂದದ್ದು ಸ್ಟಾಫ್ ರೂಮಿನಲ್ಲಿ ಕಾಲು ಅಲ್ಲಾಡುವ ಒಂದು ಕುರ್ಚಿ, ಮತ್ತೆ ಕೀಲಿಕೈ ಕಳೆದುಹೋದ ಒಂದು ಕಪಾಟು. ವರ್ಷದ ಕೊನೆಗೆ ಕೆಲಸ ತಾನಾಗಿಯೇ ಮುಗಿಯುತ್ತದೆ. ಮುಂದುವರಿಸುವ ಆದೇಶ ಬಂದರೆ ಇದ್ದ, ಬರದಿದ್ದರೆ ಹೋದ. ಮನೆಯಲ್ಲಿ ಅವನೂ ಅವನ ಅಕ್ಕನೂ. ಅಕ್ಕ ಆಸ್ಪತ್ರೆಯಲ್ಲಿ ದಾದಿ. ಪಾಳಿ ಮುಗಿಸಿ ಬಂದು ಕಾಲು ಚಾಚಿ ಕೂತಾಗ ಅವನು ಕಾರ್ಯಾಗಾರದ ವರದಿ ಒಪ್ಪಿಸಬೇಕು, ಅದು ಅವಳ ಮನರಂಜನೆ.

“ಇವತ್ತು ಏನು ಕಲಿಸಿದರು ನಿಮಗೆ?”

“ಎಲ್ಲರೂ ದುಂಡಗೆ ನಿಂತು ಉಲ್ಲನ್ ಉಂಡೆ ಎಸೆದಾಡಿದ್ವಿ. ಯಾರ ಕೈಗೆ ಬರುತ್ತೋ ಅವರು ತಮ್ಮ ಇಷ್ಟದ ಬಣ್ಣ ಹೇಳಬೇಕು.”

“ಆಮೇಲೆ?”

“ಆಮೇಲೆ ಉಲ್ಲನ್ ಗಂಟು ಬಿಡಿಸಿದ್ವಿ. ಅದಕ್ಕೆ ಊಟದ ತನಕ ಹಿಡೀತು.”

“ನಮ್ಮ ವಾರ್ಡಿನಲ್ಲಿ ಇಷ್ಟು ದುಂಡಗೆ ನಿಂತರೆ ರೋಗಿ ಎದ್ದು ಮನೆಗೆ ಹೋಗ್ತಾನೆ ಕಣೋ” ಎಂದು ಅವಳು ನಗುತ್ತಿದ್ದಳು.

ಕಾರ್ಯಾಗಾರ ನಡೆಯುತ್ತಿದ್ದ ಜಾಗಕ್ಕೆ ‘ಬೋಧನೆ ಮತ್ತು ಕಲಿಕೆಯ ಕೇಂದ್ರ’ ಎಂದು ಹೆಸರು. ಮೊದಲು ಅದು ರಸಾಯನಶಾಸ್ತ್ರದವರ ಗಾಜಿನ ಸಾಮಾನಿನ ಉಗ್ರಾಣವಾಗಿತ್ತು. ಈಗ ನೆಲಕ್ಕೆ ಹಸಿರು ಜಮಖಾನೆ, ಗೋಡೆಗೆ ಬಿಳಿ ಹಲಗೆ, ಚಕ್ರ ಇರುವ ಕುರ್ಚಿಗಳು. ಕುರ್ಚಿಗಳಿಗೆ ಚಕ್ರ ಯಾಕೆಂದರೆ ಗುಂಪು ಚಟುವಟಿಕೆಗೆ ಸಲೀಸಾಗಿ ಜರುಗಲಿ ಎಂದು. ನೆಲ ಸ್ವಲ್ಪ ಇಳಿಜಾರಾದ್ದರಿಂದ ಅವು ಚಟುವಟಿಕೆ ಇಲ್ಲದಿದ್ದರೂ ಜರುಗುತ್ತಿದ್ದವು. ಮಧ್ಯಾಹ್ನ ತೂಕಡಿಸಿದವರು ಕಣ್ಣು ಬಿಟ್ಟಾಗ ಬೇರೆ ವಿಭಾಗದಲ್ಲಿರುತ್ತಿದ್ದರು. ಪ್ರತಿ ರಜೆಯ ಆರಂಭಕ್ಕೆ ಹೊರಗಿನಿಂದ ಒಬ್ಬ ತಜ್ಞರು ಬರುತ್ತಾರೆ. ಕಿವಿಗೆ ಸಿಕ್ಕಿಸಿಕೊಳ್ಳುವ ಮೈಕು, ಬಣ್ಣದ ಚೀಟಿಗಳು, “ನಾನು ಪಾಠ ಮಾಡೋಕೆ ಬಂದಿಲ್ಲ, ನಿಮ್ಮಿಂದ ಕಲಿಯೋಕೆ ಬಂದಿದ್ದೀನಿ” ಎನ್ನುವ ಮೊದಲ ಮಾತು. ಆಮೇಲೆ ಸಂಜೆಯ ತನಕ ಅವರೊಬ್ಬರೇ ಮಾತಾಡುತ್ತಾರೆ.

ಕೊನೆಯ ದಿನ ಮಾದರಿ ಪಾಠಗಳು. ಒಬ್ಬೊಬ್ಬರೂ ತಮ್ಮ ವಿಷಯದ ಒಂದು ತುಣುಕನ್ನು ಹತ್ತು ನಿಮಿಷದಲ್ಲಿ ಕಲಿಸಬೇಕು, ಉಳಿದವರು ವಿದ್ಯಾರ್ಥಿಗಳಾಗಿ ಕೂರಬೇಕು. ಈ ಹತ್ತು ನಿಮಿಷಕ್ಕೆ ಮೇಷ್ಟ್ರುಗಳ ನಡುವೆ ಬಾಯಿಮಾತಿನ ಒಂದು ಒಪ್ಪಂದ ಹಿಂದಿನಿಂದಲೂ ನಡೆದು ಬಂದಿತ್ತು. ನಾನು ಪಾಠ ಮಾಡುವಾಗ ನೀನು ತಲೆಯಾಡಿಸು, ನೀನು ಮಾಡುವಾಗ ನಾನು. ಚಹಾದ ಹೊತ್ತಿನಲ್ಲಿ ಜೋಡಿ ಜೋಡಿಯಾಗಿ ನಿಂತು ಯಾರು ಯಾವ ಪ್ರಶ್ನೆ ಕೇಳಬೇಕು, ಯಾರು ಉತ್ತರ ಹೇಳಬೇಕು ಎಂದು ಮಾತಾಡಿಕೊಳ್ಳುತ್ತಾರೆ. ಇತಿಹಾಸದವರಿಗೆ ಕ್ಯಾಲ್ಕುಲಸ್ ಒಂದೇ ಏಟಿಗೆ ಅರ್ಥವಾಗುತ್ತದೆ. ವಾಣಿಜ್ಯದವರು ಜೀವಕೋಶದ ವಿಭಜನೆ ಕೇಳಿ “ಅಬ್ಬಾ!” ಎನ್ನುತ್ತಾರೆ. ಪ್ರಪಂಚದಲ್ಲಿ ಅಷ್ಟು ಜಾಣ ವಿದ್ಯಾರ್ಥಿಗಳು ಬೇರೆಲ್ಲೂ ಸಿಗಲಾರರು. ಹೊರಗಿನ ತಜ್ಞರಿಗೂ ಇದು ಗೊತ್ತು. ಅವರ ಕಾಲೇಜಿನಲ್ಲೂ ಇದೇ.

ಈ ಒಪ್ಪಂದಕ್ಕೆ ಸೇರದವರು ಸಸ್ಯಶಾಸ್ತ್ರದ ಮೇಡಂ ಒಬ್ಬರೇ. ಅವರು ಕೊನೆಯ ಸಾಲಿನಲ್ಲಿ ಕೂತು ಕಣ್ಣು ಕಿರಿದು ಮಾಡಿ ಕೇಳುತ್ತಾರೆ. ಅರ್ಥವಾದರೆ ಸುಮ್ಮನಿರುತ್ತಾರೆ. ಆಗದಿದ್ದರೆ ಕೈಯೆತ್ತುತ್ತಾರೆ. ಇದನ್ನು ಕಂಡು ಹೊರಗಿನವರೆಲ್ಲ ಬೆರಗಾಗಿ, “ದಡ್ಡ ವಿದ್ಯಾರ್ಥಿಯ ಪಾತ್ರ ಎಷ್ಟು ಸಹಜವಾಗಿ ಮಾಡ್ತೀರಿ ಮೇಡಂ! ನಾಟಕದಲ್ಲಿ ಏನಾದರೂ ಇದ್ದಿರಾ?” ಎನ್ನುತ್ತಿದ್ದರು. ಒಂದು ವರ್ಷ ಒಬ್ಬರು ‘ಅತ್ಯುತ್ತಮ ಪಾತ್ರಧಾರಿ’ ಎಂದು ಬರೆಸಿದ ಮರದ ಪೆನ್ ಸ್ಟ್ಯಾಂಡನ್ನೂ ಕೊಟ್ಟು ಹೋದರು. ಮೇಡಂ ಅದನ್ನು ಮನೆಗೆ ಒಯ್ದು ಚಮಚ ಹಾಕಿಡಲು ಇಟ್ಟುಕೊಂಡರು. ಸ್ಟಾಫ್ ರೂಮಿನಲ್ಲಿ ಅವರಿಗೆ ‘ಹಿಂದಿನ ಬೆಂಚು’ ಎಂಬ ಹೆಸರು ಬಿದ್ದಿತ್ತು. “ಈ ಸಲ ಹಿಂದಿನ ಬೆಂಚು ಯಾರ ಮೇಲೆ ಎರಗುತ್ತೋ!” ಎಂದು ಒಬ್ಬರಿಗೊಬ್ಬರು ಹೆದರಿಸುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. “ಹಿಂದಿನ ಬೆಂಚಲ್ಲಿ ಗಾಳಿ ಚೆನ್ನಾಗಿ ಬರುತ್ತಪ್ಪ” ಎಂದಿದ್ದರಷ್ಟೇ.

ಅವರ ಸ್ವಂತ ತರಗತಿಯ ಬಗ್ಗೆ ದೊಡ್ಡದಾಗಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಪಾಠಪಟ್ಟಿ ಒಂದು ವರ್ಷವೂ ಪೂರ್ತಿ ಮುಗಿದದ್ದಿಲ್ಲ. ಹುಡುಗರು ಮುಲಾಜಿಲ್ಲದೆ ಅರ್ಥವಾಗಲಿಲ್ಲ ಎನ್ನುವುದು, ಇವರು ಮತ್ತೆ ಬೇರಿನಿಂದ ಹಿಡಿಯುವುದು, ಗಂಟೆ ಬಾರಿಸುವುದು. ಫಲಿತಾಂಶ ನಡುಮಟ್ಟದ್ದು. ಪಕ್ಕದ ಕೊಠಡಿಯ ಮೇಷ್ಟ್ರು ಕಾಂಡ ದಾಟಿ ಹೂವಿಗೆ ಬಂದಾಗ ಇವರು ಇನ್ನೂ ಎಲೆಯಲ್ಲೇ ಇರುತ್ತಿದ್ದರು. ವಿಭಾಗದ ಮುಖ್ಯಸ್ಥೆಯ ಸ್ಥಾನ ತಪ್ಪಿದ್ದೂ ಇದೇ ಗುಣದಿಂದ. ಹಿಂದಿನ ಪ್ರಾಂಶುಪಾಲರು ಆಡಳಿತ ಮಂಡಳಿಯವರ ಎದುರು ಹೊಸ ವೇಳಾಪಟ್ಟಿಯ ಯೋಜನೆಯನ್ನು ಬಣ್ಣಬಣ್ಣದ ಚೌಕಗಳಲ್ಲಿ ತೋರಿಸಿ ವಿವರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮೇಡಂ ಎದ್ದು, “ಇದರಲ್ಲಿ ಮಂಗಳವಾರ ನಾನು ಎರಡು ಕೋಣೆಯಲ್ಲಿ ಒಟ್ಟಿಗೆ ಪಾಠ ಮಾಡ್ತಾ ಇದ್ದೀನಿ. ನನಗೆ ಅರ್ಥ ಆಗಲಿಲ್ಲ” ಎಂದರು. ಮುಂದಿನ ವರ್ಷ ಅವರ ಕೈಕೆಳಗೆ ಕೆಲಸ ಕಲಿತವರು ಮುಖ್ಯಸ್ಥರಾದರು. ಮೇಡಂ ಹೋಗಿ ಕೈ ಕುಲುಕಿ ಬಂದರು.

ಕಥೆ ಇಲ್ಲಿಯವರೆಗೆ ಬೇರೆಯವರ ಪಾಡಾಗಿತ್ತು. ಹುಡುಗನ ಬುಡಕ್ಕೆ ಬಂದದ್ದು ಅವನ ಎರಡನೆಯ ವರ್ಷದ ಕೊನೆಗೆ. ಆ ಸಲ ಹೊಸ ನಿಯಮ ಬಂತು. ಅತಿಥಿ ಉಪನ್ಯಾಸಕರ ಕೆಲಸ ಮುಂದುವರಿಯಬೇಕಾದರೆ ಕಾರ್ಯಾಗಾರದ ಮಾದರಿ ಪಾಠವನ್ನು ತಜ್ಞರೂ ಪ್ರಾಂಶುಪಾಲರೂ ಕೂತು ನೋಡಿ ‘ತೃಪ್ತಿಕರ’ ಎನ್ನಬೇಕು. ಅಲ್ಲಿಗೆ ಉಲ್ಲನ್ ಉಂಡೆಯ ತಮಾಷೆ ಮುಗಿಯಿತು. ಆ ಹತ್ತು ನಿಮಿಷ ಸರಿಹೋದರೆ ಮುಂದಿನ ವರ್ಷವೂ ಆ ಅಲ್ಲಾಡುವ ಕುರ್ಚಿ ಅವನದು, ಇಲ್ಲವಾದರೆ ಅಕ್ಕನ ಮುಖ ನೋಡಿಕೊಂಡು ಮನೆಯಲ್ಲಿ ಕೂರಬೇಕು.

ಅವನು ಆರಿಸಿಕೊಂಡ ವಿಷಯ ‘ಅವಕಾಶ ವೆಚ್ಚ’. ಒಂದನ್ನು ಆರಿಸಿಕೊಂಡಾಗ ನಾವು ಬಿಟ್ಟುಕೊಟ್ಟದ್ದರ ಬೆಲೆ ಏನು ಎನ್ನುವ ವಿಚಾರ. ಎರಡು ವರ್ಷ ಅದನ್ನೇ ಪಾಠ ಮಾಡಿದ್ದ, ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ಮೀಸೆ ಮೇಷ್ಟ್ರಿಗೆ ಒಂದು ಪ್ರಶ್ನೆ ಹಂಚಿದ, ವಾಣಿಜ್ಯದ ಮೇಡಂಗೆ ಒಂದು ಉತ್ತರ ಹಂಚಿದ. ಎಲ್ಲಾ ಕಡೆ ಬೇಲಿ ಕಟ್ಟಿಯಾಯಿತು, ಒಂದು ಕಡೆ ಮಾತ್ರ ತೆರೆದೇ ಇತ್ತು. ಕೊನೆಯ ಸಾಲು.

ಮಾದರಿ ಪಾಠದ ಹಿಂದಿನ ಸಂಜೆ ಅವನು ಮೇಡಂ ಮನೆ ಹುಡುಕಿಕೊಂಡು ಹೋದ. ಕೆಳಗೆ ಅವರ ಯಜಮಾನರ ಕನ್ನಡಕದ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಯಜಮಾನರು ಸಣ್ಣ ಸ್ಕ್ರೂಡ್ರೈವರ್ ಹಿಡಿದು ಯಾರದೋ ಕನ್ನಡಕದ ಕಾಲು ಬಿಗಿ ಮಾಡುತ್ತಿದ್ದರು. ಅವನು ಬಂದ ಕಾರಣ ಕೇಳಿ ಸ್ಕ್ರೂಡ್ರೈವರ್ ಕೆಳಗಿಟ್ಟರು.

“ಮೇಷ್ಟ್ರೇ, ನಮ್ಮ ಮದುವೆ ಆದಾಗಿಂದ ನಾನು ಕಾಯ್ತಾ ಇದ್ದೀನಿ. ಗಂಡನಿಗೇ ಇದುವರೆಗೆ ತಲೆ ಆಡಿಸಿಲ್ಲ, ನಿಮಗೆ ಆಡಿಸ್ತಾಳಾ? ಹೋಗಿ, ಹೋಗಿ, ಮೇಲಿದ್ದಾಳೆ. ಮೆಟ್ಟಿಲು ಹುಷಾರು.”

ಮೇಡಂ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಬಿಡಿಸುತ್ತಿದ್ದರು. ಕಾನೂನು ಓದುತ್ತಿದ್ದ ಮಗಳು ಆಚೆ ಬದಿಗೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಅವನಿಗೂ ಒಂದು ಹಿಡಿ ಬಟಾಣಿ ಸರಿಸಿದರು. ಬರಿಗೈಯಲ್ಲಿ ಕೂತು ಬೇಡುವುದಕ್ಕಿಂತ ಬಟಾಣಿ ಬಿಡಿಸುತ್ತಾ ಬೇಡುವುದು ಸುಲಭ ಎಂದು ಅವನಿಗೂ ಅನ್ನಿಸಿತು.

“ಮೇಡಂ, ನಾಳೆ ನನ್ನ ಪಾಠ ಇದೆ.”

“ಗೊತ್ತು. ಚೆನ್ನಾಗಿ ಮಾಡು.”

“ಅದೇ ಮೇಡಂ... ನೀವು ಪ್ರತಿ ಸಲ ಆ ಪಾತ್ರ ಬಹಳ ಚೆನ್ನಾಗಿ ಮಾಡ್ತೀರಿ. ನಾಳೆ ಒಂದು ದಿನ ಸ್ವಲ್ಪ... ತಲೆ ಆಡಿಸಿಬಿಟ್ಟರೆ...”

ಮಗಳು ಪುಸ್ತಕದಿಂದ ತಲೆಯೆತ್ತಿದಳು. “ಸರ್, ನನ್ನ ಶಾಲೆಯ ಪೋಷಕರ ಸಭೆಯಲ್ಲಿ ನಮ್ಮ ಹೆಡ್‌ಮಿಸ್ಸನ್ನ ಇವರು ಅಳಿಸಿದ್ದಾರೆ. ‘ಸರ್ವತೋಮುಖ ಬೆಳವಣಿಗೆ ಅಂದ್ರೆ ಏನು, ನನಗೆ ಅರ್ಥ ಆಗಲಿಲ್ಲ’ ಅಂತ ಕೇಳಿ ಕೇಳಿ. ಅಪ್ಪ ಬಂದರೆ ಸಾಕು ಅಂತ ಆಮೇಲೆ ಶಾಲೆಯವರೇ ಹೇಳಿ ಕಳಿಸ್ತಿದ್ರು.”

“ಅವರು ಅಳಲಿಲ್ಲ, ನೆಗಡಿ ಆಗಿತ್ತು” ಎಂದರು ಮೇಡಂ. ಸಿಪ್ಪೆಗಳನ್ನು ಒಂದು ಕಡೆ ಒತ್ತಿ ಅವನ ಕಡೆ ತಿರುಗಿದರು. “ನಮ್ಮಮ್ಮ ಬಟ್ಟೆ ಹೊಲಿಯೋರು ಕಣಪ್ಪ. ಒಂದು ಸಲ ಯಾರದೋ ಕೋಟಿನ ತೋಳು ಕತ್ತರಿಸೋಕೆ ಹೇಳಿದರು, ಹೀಗೆ ಹೀಗೆ ಅಂತ ತೋರಿಸಿದರು. ತಿಳೀತಾ ಅಂದರು, ಹೂಂ ಅಂದೆ. ತಿಳಿದಿರಲಿಲ್ಲ. ಎರಡು ಎಡಗೈ ತೋಳು ಆಯ್ತು.”

ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದ ಯಜಮಾನರು ಬಾಗಿಲಿಗೆ ಒರಗಿ ನಿಂತು, “ಮನೆಗೆ ಬಂದವರಿಗೆಲ್ಲ ಈ ತೋಳಿನ ಕಥೆ. ನಂಬಬೇಡಿ ಮೇಷ್ಟ್ರೇ. ಇವಳು ಅದಕ್ಕೂ ಮುಂಚೆ ಹೀಗೇ ಇದ್ದಳು ಅಂತ ನಮ್ಮ ಅತ್ತೆಯೇ ಹೇಳ್ತಿದ್ರು” ಎಂದರು.

ಹುಡುಗ ನಗಲಿಲ್ಲ. “ಮೇಡಂ, ಇದು ನನ್ನ ಅನ್ನದ ಪ್ರಶ್ನೆ.”

ಮೇಡಂ ಕೈಯಲ್ಲಿದ್ದ ಬಟಾಣಿ ಕೆಳಗಿಟ್ಟರು. “ಆಯ್ತು. ಅರ್ಥ ಆದರೆ ತಲೆ ಆಡಿಸ್ತೀನಿ” ಎಂದರು.

ಇದನ್ನು ಅವನು ಒಪ್ಪಿಗೆ ಎಂದೇ ತಿಳಿದ. ಎರಡು ವರ್ಷ ಪಾಠ ಮಾಡಿದ್ದು ಅರ್ಥವಾಗದೇ ಇರಲು ಸಾಧ್ಯವೇ? ಮನೆಗೆ ಹೋಗಿ ಅಕ್ಕನಿಗೆ “ಮಾತಾಡಿ ಬಂದೆ, ಎಲ್ಲಾ ಸರಿಯಾಯ್ತು” ಎಂದ. ಅಕ್ಕ, “ಅವರು ಹೇಳಿದ್ದನ್ನ ಇನ್ನೊಂದು ಸಲ ಹೇಳು” ಎಂದಳು. ಹೇಳಿದ. ಅವಳು ತುಟಿ ಕಚ್ಚಿಕೊಂಡು ಒಳಗೆ ಹೋದಳು.

ಮರುದಿನ ಪಾಠ ಹೂವಿನ ಸರ ಎತ್ತಿದಷ್ಟು ಹಗುರವಾಗಿ ಶುರುವಾಯಿತು. ಹಲಗೆಯ ನಡುವೆ ಒಂದು ದುಂಡು ಬರೆದು ‘ನೀವು ಇಲ್ಲಿ ಕೂತಿದ್ದೀರಿ’ ಎಂದ. ಸುತ್ತ ಇನ್ನೂ ಮೂರು ದುಂಡು: ಉತ್ತರ ಪತ್ರಿಕೆ ತಿದ್ದುವುದು, ಮನೆಯಲ್ಲಿ ನಿದ್ದೆ, ಮಕ್ಕಳ ಜೊತೆ ಸಿನಿಮಾ. “ಇಲ್ಲಿಗೆ ಬಂದು ನೀವು ಈ ಮೂರನ್ನೂ ಕಳಕೊಂಡಿರಿ. ಈ ಮೂರೂ ಸೇರಿದರೆ, ಅದೇ ಇಲ್ಲಿ ಕೂತಿರೋದರ ಅವಕಾಶ ವೆಚ್ಚ.” ಮೀಸೆ ಮೇಷ್ಟ್ರು ತಮ್ಮ ಪಾಲಿನ ಪ್ರಶ್ನೆ ಕೇಳಿದರು, ವಾಣಿಜ್ಯದ ಮೇಡಂ ತಮ್ಮ ಪಾಲಿನ ಉತ್ತರ ಹೇಳಿದರು. ಮುಂದಿನ ಸಾಲಿನಲ್ಲಿ ಪ್ರಾಂಶುಪಾಲರ ತಲೆ ಆಡಿತು. ತಜ್ಞರ ತಲೆಯೂ ಆಡಿತು, “ಬಹಳ ಸ್ಪಷ್ಟ” ಎಂದು ಅವರು ಪಕ್ಕಕ್ಕೆ ಪಿಸುಗುಟ್ಟಿದ್ದು ಕಿವಿಯ ಮೈಕಿನಿಂದಾಗಿ ಇಡೀ ಕೋಣೆಗೆ ಕೇಳಿಸಿತು. ಹುಡುಗ ಮೋಡದ ಮೇಲಿದ್ದ.

ಕೊನೆಯ ಸಾಲಿನಲ್ಲಿ ಕೈಯೊಂದು ಮೇಲೆದ್ದಿತು.

“ನನಗೆ ಅರ್ಥ ಆಗಲಿಲ್ಲ.”

ಕೋಣೆಯಲ್ಲಿ ಸಣ್ಣ ನಗು. ಹುಡುಗನೂ ನಕ್ಕ. “ಯಾವ ಭಾಗ ಮೇಡಂ?”

“ನಾನು ಇಲ್ಲಿಗೆ ಬರದೇ ಇದ್ದಿದ್ರೆ ಈ ಮೂರನ್ನೂ ಮಾಡ್ತಿದ್ನಾ?”

“ಮಾಡಬಹುದಿತ್ತು.”

“ಒಟ್ಟಿಗೇ? ನಿದ್ದೆ ಮಾಡ್ತಾ ಪೇಪರ್ ತಿದ್ದೋಕಾಗುತ್ತಾ?”

“ನಮ್ಮ ವಿಭಾಗದಲ್ಲಿ ತಿದ್ದುತ್ತಾರೆ ಮೇಡಂ” ಎಂದರು ಮೀಸೆ ಮೇಷ್ಟ್ರು. ಎಲ್ಲರೂ ಗೊಳ್ಳೆಂದರು. ಮೇಡಂ ನಗು ಮುಗಿಯುವವರೆಗೆ ಕಾದರು.

“ಇರೋದು ಒಂದು ಬೆಳಗ್ಗೆ. ಅದರಲ್ಲಿ ಒಂದನ್ನ ಮಾಡಿದ್ರೆ ಇನ್ನೆರಡು ಹೇಗೂ ಆಗ್ತಿರಲಿಲ್ಲ. ಅಂದಮೇಲೆ ಇಲ್ಲಿ ಕೂತು ನಾನು ಮೂರು ಕಳಕೊಂಡೆ ಅಂದ್ರೆ ಹೇಗೆ? ನನಗೆ ಸಿಗದೇ ಇರೋದನ್ನ ನಾನು ಕಳಕೊಳ್ಳೋದು ಹೇಗಪ್ಪ?”

ಇಂಥ ಹೊತ್ತಿಗೆಂದೇ ತಜ್ಞರು ಮೊದಲ ದಿನ ಒಂದು ಉಪಾಯ ಹೇಳಿಕೊಟ್ಟಿದ್ದರು. ಗೋಡೆಗೆ ಅಂಟಿಸಿದ ದೊಡ್ಡ ಹಾಳೆಯ ಮೇಲೆ ‘ಪ್ರಶ್ನೆಗಳ ನಿಲ್ದಾಣ’ ಎಂದು ಬರೆದಿತ್ತು. ಪಾಠದ ಓಟಕ್ಕೆ ಅಡ್ಡ ಬರುವ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಅಲ್ಲಿ ಅಂಟಿಸಿಬಿಡುವುದು, ಆಮೇಲೆ ನೋಡಿಕೊಳ್ಳುವುದು. ಹುಡುಗ ಹಳದಿ ಚೀಟಿ ತೆಗೆದುಕೊಂಡ. “ತುಂಬಾ ಒಳ್ಳೆಯ ಪ್ರಶ್ನೆ ಮೇಡಂ. ಇದನ್ನ ನಿಲ್ದಾಣದಲ್ಲಿ ಇಡೋಣ.”

“ಅಲ್ಲಿಂದ ಯಾವ ಪ್ರಶ್ನೆಯೂ ಹೊರಟಿದ್ದನ್ನ ನಾನು ನೋಡಿಲ್ಲ” ಎಂದರು ಮೇಡಂ. “ಪರವಾಗಿಲ್ಲ, ಇಡು. ಆದರೆ ನನಗೆ ಇನ್ನೂ ಅರ್ಥ ಆಗಿಲ್ಲ.”

ಚೀಟಿ ಕೈಯಲ್ಲೇ ಉಳಿಯಿತು. ಅವನು ಹಲಗೆಯ ಕಡೆ ತಿರುಗಿ ತನ್ನ ಮೂರು ದುಂಡುಗಳನ್ನು ನೋಡಿದ. ತರಗತಿಯಲ್ಲಿ ಅವನು ಬರೆಸುತ್ತಿದ್ದ ವ್ಯಾಖ್ಯೆ ತಲೆಯಲ್ಲಿ ತಾನಾಗಿಯೇ ಓಡಿತು: ಬಿಟ್ಟುಕೊಟ್ಟ ಪರ್ಯಾಯಗಳ ಪೈಕಿ ಅತ್ಯುತ್ತಮವಾದ ಒಂದರ ಮೌಲ್ಯ. ಒಂದರ. ಎರಡು ವರ್ಷ ಇದನ್ನು ಹೇಳಿ ಬರೆಸಿದ್ದ, ಕೆಳಗೆ ಗೆರೆ ಹಾಕಿಸಿದ್ದ, ಪರೀಕ್ಷೆಯಲ್ಲಿ ಕೇಳಿದ್ದ. ಆಮೇಲೆ ತಿರುಗಿ ಉದಾಹರಣೆ ಕೊಡುವಾಗ ಎಲ್ಲವನ್ನೂ ಕೂಡಿಸಿದ್ದ. ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ಕೇಳುವುದೇನು, ಎಲ್ಲರೂ ತಲೆಯಾಡಿಸಿದ್ದರು. ಅವನೂ ತನ್ನ ಮೇಷ್ಟ್ರ ಮುಂದೆ ಹಾಗೇ ಆಡಿಸಿ ಪಾಸಾಗಿ ಬಂದವನು.

ಯಾರದೋ ಕುರ್ಚಿ ಇಳಿಜಾರಿನಲ್ಲಿ ಮೆಲ್ಲಗೆ ಜರುಗಿತು. ಜೇಬಿನಲ್ಲಿ ಪಾಠದ ಕೊನೆಗೆ ಹಂಚಬೇಕಾದ ಬಣ್ಣದ ಪ್ರಶ್ನೆಚೀಟಿಗಳಿದ್ದವು. ಅವಕ್ಕೆ ಹೋಗಿಬಿಟ್ಟರೆ ಬಚಾವು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಚೀಟಿಗಳನ್ನು ಮುಟ್ಟಲಿಲ್ಲ. ಧೈರ್ಯದಿಂದಲ್ಲ, ಆ ಮೂರು ದುಂಡುಗಳಿಂದ ಕಣ್ಣು ಕೀಳಲಾಗದೆ.

“ಮೇಡಂ, ಇಲ್ಲಿಗೆ ಬರದೇ ಇದ್ದಿದ್ರೆ ನಿಜವಾಗಿ ಏನು ಮಾಡ್ತಿದ್ರಿ?”

ಮೇಡಂ ಯೋಚಿಸಿದರು. “ಪೇಪರಂತೂ ತಿದ್ದುತ್ತಿರಲಿಲ್ಲ. ಅದು ಕೊನೆಯ ದಿನದ ಕೆಲಸ. ಮಗಳು ಸಿನಿಮಾಕ್ಕೆ ಕರೆದಿದ್ಲು. ಹೋಗ್ತಿದ್ದೆ.”

“ಅವಳು ಕರೀದೇ ಇದ್ದಿದ್ರೆ?”

“ಮಲಗ್ತಿದ್ದೆ.”

ಅವನು ಡಸ್ಟರ್ ತೆಗೆದುಕೊಂಡು ಉತ್ತರ ಪತ್ರಿಕೆ ಒರೆಸಿದ, ನಿದ್ದೆ ಒರೆಸಿದ. ಸಿನಿಮಾ ಒಂದೇ ಉಳಿಯಿತು. “ಹಾಗಾದ್ರೆ ನೀವು ಇಲ್ಲಿ ಕೂತು ಕಳಕೊಂಡಿದ್ದು ಸಿನಿಮಾ ಒಂದೇ. ಬಿಟ್ಟಿದ್ದರಲ್ಲಿ ಯಾವುದು ಎಲ್ಲಕ್ಕಿಂತ ಬೇಕಾಗಿತ್ತೋ ಅದೊಂದೇ ಲೆಕ್ಕಕ್ಕೆ ಬರೋದು. ಉಳಿದ ಎರಡು ಬರಲ್ಲ.” ಡಸ್ಟರ್ ಕೆಳಗಿಟ್ಟು, “ನಾನು ಮೊದಲು ಹೇಳಿದ್ದು ತಪ್ಪು” ಎಂದ.

“ಈಗ ಅರ್ಥ ಆಯ್ತು” ಎಂದರು ಮೇಡಂ. ತಲೆ ಒಂದು ಸಲ ಆಡಿತು. ಅಷ್ಟರಲ್ಲಿ ಹತ್ತು ನಿಮಿಷ ಮುಗಿದು ಮೇಜಿನ ಮೇಲಿದ್ದ ಗಂಟೆ ಕಿರ್ರೆಂದಿತು. ಸಾರಾಂಶ ಹೇಳಿರಲಿಲ್ಲ, ಪ್ರಶ್ನೆಚೀಟಿ ಹಂಚಿರಲಿಲ್ಲ, ಪಾಠ ಅರ್ಧಕ್ಕೆ ನಿಂತಿತ್ತು.

ತಜ್ಞರು ಎಲ್ಲರ ಎದುರು ಅಭಿಪ್ರಾಯ ಓದಿದರು. ಆರಂಭ ಚೆನ್ನಾಗಿತ್ತು. ಸಮಯಪಾಲನೆ ಇಲ್ಲ. ಸಾರಾಂಶ ಇಲ್ಲ. ಮೌಲ್ಯಮಾಪನ ಇಲ್ಲ. ಪ್ರಶ್ನೆ ಬಂದಾಗ ನಿಲ್ದಾಣದ ವಿಧಾನವನ್ನು ಅರ್ಧಕ್ಕೆ ಕೈಬಿಟ್ಟಿದ್ದಾರೆ. ಕಲಿಯುವವರ ಮುಂದೆಯೇ ‘ತಪ್ಪು’ ಎಂದು ಒಪ್ಪಿಕೊಂಡದ್ದರಿಂದ ಶಿಕ್ಷಕರ ಆತ್ಮವಿಶ್ವಾಸದ ಕೊರತೆ ಎದ್ದು ಕಾಣುತ್ತದೆ. ಮೀಸೆ ಮೇಷ್ಟ್ರು ಹುಡುಗನ ಹೆಗಲು ತಟ್ಟಿದರು, ಈ ಸಲ ತಮಾಷೆ ಮಾಡಲಿಲ್ಲ. ಅದರಿಂದಲೇ ಅವನಿಗೆ ತನ್ನ ಸ್ಥಿತಿ ಎಷ್ಟು ಕೆಟ್ಟಿದೆ ಎಂದು ತಿಳಿದದ್ದು.

ಸಂಜೆ ಪ್ರಾಂಶುಪಾಲರ ಕೋಣೆಗೆ ಕರೆ ಬಂತು. ಹೋದರೆ ಅಲ್ಲಿ ಮೇಡಂ ಆಗಲೇ ಕೂತಿದ್ದಾರೆ, ಎದುರಿಗೆ ತಜ್ಞರು ಚಹಾ ಕುಡಿಯುತ್ತಿದ್ದಾರೆ. ಪ್ರಾಂಶುಪಾಲರು ಕೆಟ್ಟವರಲ್ಲ. ಜಗಳ ಎಂದರೆ ಆಗದು, ಎಲ್ಲವೂ ಮೆತ್ತಗೆ ಮುಗಿಯಬೇಕು. ಅವನ ಆದೇಶದ ಹಾಳೆ ಅವರ ಕೈಯ ಕೆಳಗಿತ್ತು, ಪೆನ್ನಿನ ಮುಚ್ಚಳ ತೆಗೆದಿತ್ತು.

“ನೋಡಿ ಮೇಡಂ, ಹುಡುಗ ಒಳ್ಳೆಯವನು. ಅವನ ಕೆಲಸ ಹೋಗಬೇಕು ಅಂತ ನನಗೂ ಇಲ್ಲ, ಇವರಿಗೂ ಇಲ್ಲ. ಆದರೆ ಬರೆದಿದ್ದು ಬರೆದಾಯ್ತು. ಇದಕ್ಕೆ ಒಂದೇ ದಾರಿ ಇರೋದು. ನೀವು ಪ್ರತಿ ಸಲ ದಡ್ಡ ವಿದ್ಯಾರ್ಥಿಯ ಪಾತ್ರ ಮಾಡ್ತೀರಿ, ಎಲ್ಲರಿಗೂ ಗೊತ್ತು. ಈ ಸಲ ಅದು ಸ್ವಲ್ಪ ಜಾಸ್ತಿ ಆಯ್ತು, ಅದರಿಂದ ಪಾಠಕ್ಕೆ ಅಡ್ಡಿ ಆಯ್ತು ಅಂತ ನೀವು ಒಂದು ಮಾತು ಹೇಳಿದರೆ, ಇವರು ತಮ್ಮ ಅಭಿಪ್ರಾಯ ತಿದ್ದುತ್ತಾರೆ, ನಾನು ಇಲ್ಲಿ ಸಹಿ ಹಾಕ್ತೀನಿ. ಯಾರಿಗೂ ನಷ್ಟ ಇಲ್ಲ.”

ತಜ್ಞರು ಉದಾರವಾಗಿ ತಲೆಯಾಡಿಸಿದರು.

ಹೇಳಿಬಿಡಲಿ, ಹೇಳಿಬಿಡಲಿ ಎಂದು ಹುಡುಗನ ಒಳಗೆ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಒಂದು ಮಾತು, ಅಷ್ಟೇ. ಮೇಡಂಗೆ ಅದರಿಂದ ಹೋಗುವುದೇನು? ಪೆನ್ ಸ್ಟ್ಯಾಂಡ್ ಕೊಟ್ಟವರಿದ್ದಾರೆ, ಇನ್ನೊಂದು ಕೊಡುತ್ತಾರೆ. ಬೆಳಗ್ಗೆ ಹಲಗೆಯ ಮುಂದೆ ನಿಂತು ‘ತಪ್ಪು’ ಎಂದವನೂ ತಾನೇ, ಈಗ ಆ ಬೆಳಗ್ಗೆಯನ್ನೇ ನಾಟಕವಾಗಿಸಿ ಎಂದು ಮನಸ್ಸಿನಲ್ಲೇ ಕಾಲಿಗೆ ಬೀಳುತ್ತಿರುವವನೂ ತಾನೇ ಎನ್ನುವುದು ಅವನಿಗೆ ಹೊಳೆಯದೇ ಇರಲಿಲ್ಲ. ಹೊಳೆದರೂ ಅವನು ಮೇಡಂ ಕಡೆ ಅದೇ ಕಣ್ಣಿನಿಂದ ನೋಡಿದ.

“ಅಷ್ಟೇ ಮೇಡಂ” ಎಂದರು ಪ್ರಾಂಶುಪಾಲರು, ಪೆನ್ನನ್ನು ಹಾಳೆಯ ಹತ್ತಿರ ತಂದು. “ನಟನೆ ತಾನೇ ಅದು?”

ಸಹಿ ಮರುದಿನ ಬಿತ್ತು, ಅದೂ ಎಂದಿನಂತೆ ಒಂದು ವರ್ಷಕ್ಕೆ. ಅದನ್ನು ಇಲ್ಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮೇಡಂ ಬಾಯಿ ಬಿಟ್ಟ ಮೇಲೆ ಆ ಸಂಜೆ ಆ ಕೋಣೆಯಲ್ಲಿ ಬೇರೆ ಯಾರೂ ಮಾತಾಡಲಿಲ್ಲ.

“ಅಲ್ಲ ಸರ್. ನನಗೆ ನಟನೆ ಬರಲ್ಲ. ಇವನು ಹೇಳಿದ್ದು ನನಗೆ ಅರ್ಥ ಆಗಿರಲಿಲ್ಲ, ಇವನಿಗೂ ಆಗಿರಲಿಲ್ಲ. ಆಮೇಲೆ ಇಬ್ಬರಿಗೂ ಆಯ್ತು. ತಪ್ಪು ಪಾಠಕ್ಕೆ ತಲೆ ಆಡಿಸ್ತಾ ಮುಂದೆ ಕೂತಿದ್ದೋರು ನೀವಿಬ್ಬರು. ನಟನೆ ಯಾರದು ಅಂತ ನೀವೇ ಹೇಳಿ.”